ನೀರೂ ಖಾರವಾಗುವ ದಿನಗಳು

ಮೆಥೊಟ್ರೆಕ್ಸೇಟ್ ಎಂಬ ಔಷಧಿಯ ಬಣ್ಣ ಅಚ್ಚ ಹಳದಿ. ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ಅಷ್ಟುದ್ದದ ಹೆಸರು ನಾಲಿಗೆಗೆ ಒಗ್ಗದ ತಾಯಂದಿರು ಅದನ್ನು ‘ಹಳದಿ ಔಷಧಿ’ ಅನ್ನುತ್ತಾರೆ. ಡೌನೊರುಬಿಸಿನ್, ಡಾಕ್ಸೊರುಬಿಸಿನ್‌ಗಳು ಅವರ ಬಾಯಲ್ಲಿ ‘ಕೆಂಪು ಔಷಧಿ’. ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರು. ಮೊದಲ ಹಂತದ ಚಿಕಿತ್ಸೆಗೆ ರೋಗ ಹಿಮ್ಮೆಟ್ಟಿದ ಮೇಲೆ, ಅದು ಮರಳದಂತೆ ನೋಡಿಕೊಳ್ಳಲು ಹಲವು ಆಸ್ಪತ್ರೆಗಳಲ್ಲಿ ಈ ಹಳದಿ ಔಷಧಿಯನ್ನು ದೊಡ್ಡ ಪ್ರಮಾಣದಲ್ಲಿ ಕೊಡುತ್ತಾರೆ. 24 ಗಂಟೆ ಬಿಡದೆ ಇಳಿಯುವ ಡ್ರಿಪ್. ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆಯಂತೆ ನಾಲ್ಕು ಸಲ. ಜೊತೆಗೆ ಮೂತ್ರಪಿಂಡಕ್ಕೆ ಪೆಟ್ಟಾಗದಿರಲೆಂದು ಬಾಟಲಿಗಟ್ಟಲೆ ಸಲೈನ್, ಸೋಡಿಯಂ ಬೈಕಾರ್ಬನೇಟ್. ಮಗು ಎಷ್ಟು ಸಲ ಮೂತ್ರ ಮಾಡಿತು, ಎಷ್ಟು ಮಾಡಿತು ಎಂದು ತಾಯಿ ಅಳತೆಯ ಜಗ್ಗಿನಲ್ಲಿ ಹಿಡಿದು ನರ್ಸಿಗೆ ಲೆಕ್ಕ ಹೇಳಬೇಕು.

ಆ ಇಡೀ ದಿನ ಮಗು ಬಹುಪಾಲು ಚೆನ್ನಾಗಿಯೇ ಇರುತ್ತದೆ. ಮೊಬೈಲಿನಲ್ಲಿ ಕಾರ್ಟೂನು ನೋಡುತ್ತದೆ, ಪಕ್ಕದ ಹಾಸಿಗೆಯ ಮಗುವಿನ ಜೊತೆ ಜಗಳ ಕಾಯುತ್ತದೆ, ಇಡ್ಲಿ ಬೇಕೆಂದು ಹಟ ಹಿಡಿಯುತ್ತದೆ. ರಕ್ತದಲ್ಲಿ ಔಷಧಿಯ ಮಟ್ಟ ಸಾಕಷ್ಟು ಇಳಿದಿದೆ ಎಂದು ಖಾತ್ರಿಯಾದ ಮೇಲೆ ಡಾಕ್ಟರು ಮನೆಗೆ ಕಳಿಸುತ್ತಾರೆ. ತೊಂದರೆ ಹೊರಬೀಳುವುದು ಅದಾದ ಮೇಲೆ. ನಾಲ್ಕನೆಯದೋ ಐದನೆಯದೋ ದಿನ ಬೆಳಿಗ್ಗೆ ಮಗು ಬ್ರಷ್ ಬೇಡವೆನ್ನುತ್ತದೆ. ತುಟಿಯ ಒಳಗೆ, ಕೆನ್ನೆಯ ಒಳಗೆ ಕೆಂಪಗಾಗಿರುತ್ತದೆ. ಮೊಸರನ್ನ ಕಲಸಿಕೊಟ್ಟರೆ ಖಾರ ಎನ್ನುತ್ತದೆ. ಮೆಣಸಿನಕಾಯಿಯ ಚೂರೂ ಹಾಕಿಲ್ಲ ಮಗಾ, ಅನ್ನುತ್ತಾಳೆ ತಾಯಿ. ಮಾರನೆಯ ದಿನಕ್ಕೆ ಹಾಲು ಖಾರ, ಅದರ ಮಾರನೆಯ ದಿನಕ್ಕೆ ನೀರೂ ಖಾರ. ನಾಲ್ಕೈದು ವರ್ಷದ ಮಗುವಿಗೆ ಬಾಯಿಯೊಳಗಿನ ಉರಿಯನ್ನು ಹೇಳಲು ಇದಕ್ಕಿಂತ ಸರಿಯಾದ ಮಾತು ಸಿಗುವುದಿಲ್ಲ. ಆ ಮಾತನ್ನು ಹಟವೆಂದು ತಿಳಿದು ಗದರಿದ ಮನೆಗಳೂ ಇವೆ.

ವೈದ್ಯರು ಇದನ್ನು ಮ್ಯೂಕೋಸೈಟಿಸ್ ಎನ್ನುತ್ತಾರೆ, ಮನೆಯವರು ಬಾಯಿ ಹುಣ್ಣು ಅನ್ನುತ್ತಾರೆ. ಮನೆಯ ಮಾತಿನಲ್ಲಿ ಒಂದು ಅಪಾಯವಿದೆ. ನಮಗೆಲ್ಲ ಬಾಯಿ ಹುಣ್ಣು ಗೊತ್ತು. ನಿದ್ದೆಗೆಟ್ಟಾಗ, ಉಷ್ಣವಾದಾಗ ತುಟಿಯೊಳಗೆ ಒಂದು ಏಳುತ್ತದೆ, ನಾಲ್ಕು ದಿನ ಕಾಡಿ ಹೋಗುತ್ತದೆ. ಕೀಮೋ ತರುವ ಹುಣ್ಣು ಆ ಜಾತಿಯದಲ್ಲ. ಕೆನ್ನೆಯ ಒಳಭಾಗ, ತುಟಿಯ ಒಳಭಾಗ, ನಾಲಿಗೆಯ ಅಂಚು ಮತ್ತು ತಳ, ಮೃದು ಅಂಗುಳ ಹೀಗೆ ಒಂದಕ್ಕೊಂದು ಕೂಡಿಕೊಂಡು ಪದರವೇ ಕಳಚಿಬೀಳುತ್ತದೆ. ಕೆಲವು ಮಕ್ಕಳಲ್ಲಿ ಗಂಟಲಿನಿಂದ ಕರುಳಿನವರೆಗೂ ಇದೇ ಕಥೆ. ಕೀಮೋ ಪಡೆಯುವ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಒಂದಲ್ಲ ಒಂದು ಹಂತದಲ್ಲಿ ಇದನ್ನು ಅನುಭವಿಸುತ್ತಾರೆ. ಆದರೂ ಕ್ಯಾನ್ಸರಿನ ಎದುರು ಇದು ಸಣ್ಣದು, ಎರಡು ವಾರದಲ್ಲಿ ತಾನೇ ಹೋಗುವಂಥದ್ದು ಎಂಬ ಭಾವನೆ ಬಹಳ ಕಾಲ ವೈದ್ಯರಲ್ಲೂ ಇತ್ತು. ಎರಡು ವಾರದಲ್ಲಿ ಹೋಗುತ್ತದೆ ಎಂಬುದು ನಿಜ. ಸಣ್ಣದು ಎಂಬುದು ನಿಜವಲ್ಲ ಎಂದು ಈ ಅಧ್ಯಾಯದುದ್ದಕ್ಕೂ ಹೇಳಲು ಹೊರಟಿದ್ದೇನೆ.

ಬಾಯಿಗೇ ಯಾಕೆ ಬೀಳುತ್ತದೆ ಪೆಟ್ಟು? ಮೆಥೊಟ್ರೆಕ್ಸೇಟಿಗೆ ಕ್ಯಾನ್ಸರ್ ಕೋಶ ಯಾವುದು, ಒಳ್ಳೆಯ ಕೋಶ ಯಾವುದು ಎಂದು ಗುರುತಿಸುವ ಕಣ್ಣಿಲ್ಲ. ಅದು ತಡೆಯುವುದು ಒಂದು ಕಿಣ್ವವನ್ನು. ಫೋಲಿಕ್ ಆಮ್ಲವನ್ನು ಕೋಶ ಬಳಸಬಲ್ಲ ರೂಪಕ್ಕೆ ತರುವ ಕಿಣ್ವ ಅದು. ಅದು ನಿಂತರೆ ಡಿಎನ್ಎ ಕಟ್ಟಲು ಬೇಕಾದ ಸಾಮಗ್ರಿಗೆ ಬರ ಬರುತ್ತದೆ. ಹೊಸ ಡಿಎನ್ಎ ಬೇಕಾಗುವುದು ಒಡೆದು ಎರಡಾಗುತ್ತಿರುವ ಕೋಶಕ್ಕೆ. ಹುಚ್ಚು ವೇಗದಲ್ಲಿ ಹೆಚ್ಚುತ್ತಿರುವ ಲ್ಯುಕೇಮಿಯಾ ಕೋಶಕ್ಕೆ ಅದು ಬೇಕು. ಮೂಳೆಯ ಮಜ್ಜೆಗೆ ಬೇಕು. ಕೂದಲಿನ ಬುಡಕ್ಕೆ ಬೇಕು. ಕರುಳಿನ ಒಳಪದರಕ್ಕೆ ಬೇಕು. ಬಾಯಿಯ ಒಳಪದರಕ್ಕೂ ಬೇಕು. ದಿನವಿಡೀ ಬಿಸಿ, ತಂಪು, ಹಲ್ಲಿನ ಉಜ್ಜಾಟ ತಡೆದುಕೊಳ್ಳುವ ಆ ಪದರ ಒಂದೆರಡು ವಾರಕ್ಕೊಮ್ಮೆ ಪೂರ್ತಿ ಹೊಸದಾಗುತ್ತಿರುತ್ತದೆ. ಬೆಳೆಯುವ ಮಕ್ಕಳಲ್ಲಿ ಈ ನವೀಕರಣದ ವೇಗ ಇನ್ನೂ ಹೆಚ್ಚು. ಹಾಗಾಗಿ ಪೆಟ್ಟೂ ಹೆಚ್ಚು. ವೇಗದಿಂದ ಒಂದು ಉಪಕಾರವೂ ಉಂಟು: ಔಷಧಿಯ ಪ್ರಭಾವ ಇಳಿದ ಮೇಲೆ ಗುಣವಾಗುವುದೂ ಬೇಗ.

ಒಂದು ಕಾಲಕ್ಕೆ ವಿವರಣೆ ಇಲ್ಲಿಗೇ ಮುಗಿಯುತ್ತಿತ್ತು: ಮೇಲ್ಪದರದ ಕೋಶಗಳು ಸತ್ತವು, ಹೊಸವು ಹುಟ್ಟಲಿಲ್ಲ, ಹುಣ್ಣಾಯಿತು. 1990ರ ದಶಕದ ಕೊನೆಗೆ ಬಾಸ್ಟನ್ನಿನ ಸ್ಟೀಫನ್ ಸೋನಿಸ್ ಎಂಬ ದಂತವೈದ್ಯ-ಸಂಶೋಧಕ ಇದಿಷ್ಟೇ ಅಲ್ಲ ಎಂದರು. ಆಮೇಲೆ ಅವರು ಮುಂದಿಟ್ಟ ಐದು ಹಂತಗಳ ಚಿತ್ರವೇ ಇಂದಿಗೂ ಆಧಾರ. ಅದರ ಪ್ರಕಾರ ಹಾನಿ ಶುರುವಾಗುವುದು ಮೇಲ್ಪದರದಲ್ಲಿ ಮಾತ್ರವಲ್ಲ, ಅದರ ಕೆಳಗಿನ ಅಂಗಾಂಶದಲ್ಲೂ, ಅಲ್ಲಿನ ಕಿರು ರಕ್ತನಾಳಗಳಲ್ಲೂ. ಅದೂ ಔಷಧಿ ಒಳಹೋದ ಕೆಲವೇ ಗಂಟೆಗಳಲ್ಲಿ. ಪೆಟ್ಟು ತಿಂದ ಕೋಶದೊಳಗೆ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೊಟೀನು ಎಚ್ಚೆತ್ತು ನೂರಾರು ಜೀನುಗಳನ್ನು ಚಾಲೂ ಮಾಡುತ್ತದೆ. ಟಿಎನ್ಎಫ್, ಇಂಟರ್‌ಲ್ಯೂಕಿನ್ ಮೊದಲಾದ ಉರಿಯೂತದ ಸಂದೇಶವಾಹಕಗಳು ಹೊರಬೀಳುತ್ತವೆ. ಅವು ಪಕ್ಕದ ಕೋಶಗಳಲ್ಲಿ ಅದೇ ಪ್ರೊಟೀನನ್ನು ಎಬ್ಬಿಸುತ್ತವೆ, ಅವು ಇನ್ನಷ್ಟು ಸಂದೇಶ ಕಳಿಸುತ್ತವೆ. ಒಂದು ಮನೆಗೆ ಬಿದ್ದ ಕಿಡಿಗೆ ಊರಿನವರೆಲ್ಲ ತಮ್ಮ ತಮ್ಮ ಸೂರನ್ನು ತಾವೇ ಕಿತ್ತುಹಾಕತೊಡಗಿದಂತೆ. ಮೆಥೊಟ್ರೆಕ್ಸೇಟ್ ರಕ್ತದಿಂದ ಮರೆಯಾದ ಮೇಲೂ ಈ ಗಲಭೆ ತನ್ನಷ್ಟಕ್ಕೆ ಮುಂದುವರಿಯುತ್ತದೆ. ಇಷ್ಟೆಲ್ಲ ನಡೆಯುವಾಗ ಟಾರ್ಚ್ ಬಿಟ್ಟು ನೋಡಿದರೆ ಬಾಯಿ ನಯವಾಗಿ, ಗುಲಾಬಿ ಬಣ್ಣದಲ್ಲಿ ಕಾಣುತ್ತದೆ. ಡ್ರಿಪ್ಪಿನ ದಿನ ಇಡ್ಲಿಗೆ ಹಟ ಮಾಡಿದ ಮಗುವಿನ ಬಾಯಿ ಒಳಗೊಳಗೇ ಆಗಲೇ ಕೆಟ್ಟಿರುತ್ತದೆ.

ನಾಲ್ಕನೆಯ ಹಂತದಲ್ಲಿ ಪದರ ಕಿತ್ತುಬರುತ್ತದೆ. ಕೆಳಗಿದ್ದ ನರದ ತುದಿಗಳು ಬತ್ತಲಾಗುತ್ತವೆ. ನೀರು ಸೋಕಿದರೂ ಉರಿ. ಹುಣ್ಣಿನ ಮೇಲೆ ಹಳದಿ-ಬಿಳಿ ಪೊರೆ ಕಟ್ಟುತ್ತದೆ. ಬಾಯಿಯಲ್ಲಿ ಸದಾ ಇರುವ ಬ್ಯಾಕ್ಟೀರಿಯಾಗಳು ಅಲ್ಲಿ ಬೀಡುಬಿಡುತ್ತವೆ, ಅವುಗಳ ಕೋಶಭಿತ್ತಿಯ ಚೂರುಗಳು ಉರಿಯೂತವನ್ನು ಇನ್ನೂ ಕೆರಳಿಸುತ್ತವೆ. ಕಾಲದ ಲೆಕ್ಕದಲ್ಲಿ ಇನ್ನೊಂದು ದುರದೃಷ್ಟ ಕೂಡಿಬರುತ್ತದೆ. ಹುಣ್ಣು ತೀವ್ರವಾಗುವುದು ಕೀಮೋ ಕೊಟ್ಟ ಏಳರಿಂದ ಹದಿನಾಲ್ಕನೆಯ ದಿನದ ನಡುವೆ. ಮಜ್ಜೆಯೂ ಸೊರಗಿ ಬಿಳಿ ರಕ್ತಕಣಗಳು ಅತ್ಯಂತ ಕಡಿಮೆಯಾಗುವುದು ಹೆಚ್ಚುಕಡಿಮೆ ಅದೇ ದಿನಗಳಲ್ಲಿ. ವಾರ್ಡಿನ ಮಾತಿನಲ್ಲಿ ಹೇಳುವುದಾದರೆ, ಕೌಂಟ್ಸ್ ಬಿದ್ದಿರುವಾಗಲೇ ಬಾಗಿಲು ತೆರೆದಿರುತ್ತದೆ. ಬಾಯಿಯಲ್ಲಿ ನಿರುಪದ್ರವಿಯಾಗಿದ್ದ ವಿರಿಡನ್ಸ್ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಹುಣ್ಣಿನ ಮೂಲಕ ರಕ್ತಕ್ಕಿಳಿದರೆ ಕಾವಲಿಗೆ ಯಾರೂ ಇಲ್ಲ. ಜ್ವರ ಬಂದರೆ ರಾತ್ರಿಯೋ ಹಗಲೋ ನೋಡದೆ ಆಸ್ಪತ್ರೆಗೆ ಓಡಿಬನ್ನಿ ಎಂದು ಡಾಕ್ಟರು ಒತ್ತಿ ಒತ್ತಿ ಹೇಳುವುದು ಇದಕ್ಕೇ. ಕೀಮೋ ಪಡೆಯುತ್ತಿರುವ ಮಗುವಿನ ಜ್ವರ ತುರ್ತಿನ ವಿಷಯ. ಒಂದು ಪ್ಯಾರಾಸಿಟಮಾಲ್ ನುಂಗಿಸಿ ಬೆಳಗಾಗಲಿ ಎಂದು ಕಾಯುವ ಜ್ವರ ಅದಲ್ಲ.

ಈ ಹುಣ್ಣಿನ ಚರಿತ್ರೆ ಆ ಔಷಧಿಯ ಚರಿತ್ರೆಯಷ್ಟೇ ಹಳೆಯದು. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1930ರ ಆಸುಪಾಸಿನಲ್ಲಿ ಬೊಂಬಾಯಿಯ ಬಸುರಿ ಹೆಂಗಸರ ರಕ್ತಹೀನತೆಯನ್ನು ಅಧ್ಯಯನ ಮಾಡಿ, ಈಸ್ಟಿನ ಸಾರದಲ್ಲಿ ಅದನ್ನು ಗುಣಪಡಿಸುವ ಏನೋ ಇದೆ ಎಂದು ಕಂಡುಕೊಂಡರು. ಅದೇ ಮುಂದೆ ಫೋಲಿಕ್ ಆಮ್ಲವೆಂದು ಹೆಸರು ಪಡೆಯಿತು. ಆಂಧ್ರದ ಭೀಮವರಂನಲ್ಲಿ ಹುಟ್ಟಿ ಅಮೆರಿಕದ ಲೆಡರ್ಲಿ ಪ್ರಯೋಗಾಲಯ ಸೇರಿದ್ದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ 1940ರ ದಶಕದಲ್ಲಿ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿತು. ಬಳಿಕ ಅದರ ರೂಪವನ್ನು ತುಸು ತಿರುಚಿ, ಅದರ ವಿರುದ್ಧವೇ ಕೆಲಸ ಮಾಡುವ ಅಮಿನೊಪ್ಟೆರಿನ್ ಎಂಬುದನ್ನೂ ತಯಾರಿಸಿತು. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಸಿಡ್ನಿ ಫಾರ್ಬರ್ ಅದನ್ನು ಲ್ಯುಕೇಮಿಯಾ ಮಕ್ಕಳಿಗೆ ಕೊಟ್ಟರು. 16 ಮಕ್ಕಳಲ್ಲಿ 10 ಮಂದಿಗೆ ತಾತ್ಕಾಲಿಕವಾಗಿಯಾದರೂ ರೋಗ ಹಿಮ್ಮೆಟ್ಟಿತು ಎಂಬ ವರದಿ 1948ರ ಜೂನ್‌ನಲ್ಲಿ ಹೊರಬಂತು. ಲ್ಯುಕೇಮಿಯಾ ಎಂದರೆ ವಾರಗಳ ಲೆಕ್ಕದ ಸಾವು ಎಂದಾಗಿದ್ದ ಕಾಲ ಅದು. ಅದೇ ವರ್ಷ ಆಗಸ್ಟಿನಲ್ಲಿ ಸುಬ್ಬರಾವ್ ತೀರಿಕೊಂಡರು. ಅಮಿನೊಪ್ಟೆರಿನ್ ಪಡೆದ ಮಕ್ಕಳ ಬಾಯಿಯಲ್ಲಿ ಹುಣ್ಣೆದ್ದದ್ದು ಆಗಲೇ ವೈದ್ಯರ ಕಣ್ಣಿಗೆ ಬಿದ್ದಿತ್ತು. ಅದರ ತಂಗಿಯಂತಿರುವ ಮೆಥೊಟ್ರೆಕ್ಸೇಟ್ ಬಂದ ಮೇಲೂ ಹುಣ್ಣು ಉಳಿಯಿತು. ಅಂದು ಸಾಯಲಿದ್ದ ಮಗು ಬದುಕಿದರೆ ಸಾಕಿತ್ತು. ಬಾಯಿ ಉರಿಯುವುದನ್ನು ಯಾರು ಎಣಿಸಿಯಾರು? ಇಂದು ಶ್ರೀಮಂತ ದೇಶಗಳಲ್ಲಿ ಈ ಲ್ಯುಕೇಮಿಯಾದಿಂದ ಹತ್ತರಲ್ಲಿ ಒಂಬತ್ತು ಮಕ್ಕಳು ಗುಣವಾಗುತ್ತಿದ್ದಾರೆ. ಮಗು ಉಳಿಯುವುದು ಸಾಧ್ಯ ಎಂದಾದ ಮೇಲೆ, ಉಳಿಯುವ ದಾರಿಯಲ್ಲಿ ಅದು ಏನೇನು ಅನುಭವಿಸಿತು ಎಂದು ಕೇಳುವ ಹೊಣೆ ನಮ್ಮ ಮೇಲೆ ಬಂದಿದೆ.

ಕೇಳುವುದು ಹೇಗೆ? ವಿಶ್ವ ಆರೋಗ್ಯ ಸಂಸ್ಥೆಯ ಒಂದು ಅಳತೆ 1979ರಿಂದ ಇದೆ. ಕೆಂಪಾಗಿ ನೋಯುತ್ತಿದ್ದರೆ ಒಂದನೆಯ ದರ್ಜೆ; ಹುಣ್ಣಿದ್ದೂ ಗಟ್ಟಿ ಊಟ ಮಾಡಬಲ್ಲರಾದರೆ ಎರಡು; ದ್ರವವಷ್ಟೇ ಇಳಿಯುವುದಾದರೆ ಮೂರು; ಬಾಯಿಂದ ಏನೂ ಹೋಗದಿದ್ದರೆ ನಾಲ್ಕು. ಸರಳವಾಗಿದೆ, ಉಪಯುಕ್ತವೂ ಹೌದು. ಆದರೆ ಅದು ದೊಡ್ಡವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಅಳತೆ. ನೋಯುವ ಬಾಯನ್ನು ಮೂರು ವರ್ಷದ ಮಗು ಟಾರ್ಚಿನ ಬೆಳಕಿಗೆ ತೆರೆದು ತೋರಿಸುವುದಿಲ್ಲ. ಎರಡನೆಯ ದರ್ಜೆ ಎಂದು ಫೈಲಿನಲ್ಲಿ ಬರೆದ ಮಗು ರಾತ್ರಿಯೆಲ್ಲ ಎಂಜಲು ನುಂಗಲಾಗದೆ ಎದ್ದು ಕುಳಿತಿರಬಹುದು. ಟೊರಾಂಟೊದ ಮಕ್ಕಳ ಆಸ್ಪತ್ರೆಯ ಲಿಲಿಯನ್ ಸಂಗ್ ಮತ್ತು ಅವರ ಜೊತೆಗಾರರು ಮಕ್ಕಳಿಗೆಂದೇ ಬೇರೆ ಅಳತೆಯನ್ನು ರೂಪಿಸಿದರು. ಅದನ್ನು ಚೈಮ್ಸ್ ಎನ್ನುತ್ತಾರೆ. ಅದರಲ್ಲಿ ನಗುಮುಖದಿಂದ ಅಳುಮುಖದವರೆಗೆ ಸಾಲಾಗಿ ಮುಖಗಳಿವೆ. ಬಾಯಿ, ಗಂಟಲು ಎಷ್ಟು ನೋಯುತ್ತಿದೆ? ನುಂಗಲು ಎಷ್ಟು ಕಷ್ಟ? ತಿನ್ನಲು? ಕುಡಿಯಲು? ಪ್ರತಿಯೊಂದಕ್ಕೂ ಮಗು ಬೆರಳಿಟ್ಟು ತೋರಿಸಿದರಾಯಿತು. ತೀರಾ ಚಿಕ್ಕ ಮಕ್ಕಳ ಪರವಾಗಿ ತಂದೆತಾಯಿ ಉತ್ತರಿಸುತ್ತಾರೆ.

ಏಳು ವರ್ಷದ ಒಬ್ಬ ಹುಡುಗಿಯ ಹಾಸಿಗೆಯ ಪಕ್ಕದಲ್ಲಿ ಕುಳಿತು ಇದು ನಡೆಯುವುದನ್ನು ನೋಡಿದ್ದೇನೆ. ಅವಳು ಮಾತು ಬಿಟ್ಟಿದ್ದಳು. ಬೇಕು, ಬೇಡ ಎಲ್ಲವೂ ಬೆರಳಿನಲ್ಲೇ. ಎಂಜಲು ನುಂಗಲಾರದೆ ಗಲ್ಲದ ಕೆಳಗೆ ಟವೆಲ್ ಹಿಡಿದಿದ್ದಳು. ಯಾರಾದರೂ ಒಳಗೆ ಬಂದರೆ ಅದನ್ನು ಮೂಗಿನವರೆಗೂ ಏರಿಸಿಕೊಳ್ಳುತ್ತಿದ್ದಳು, ಜೊಲ್ಲು ಕಾಣದಿರಲೆಂದು. ಊರಿನಿಂದ ತಂದಿದ್ದ ಒಳಲೆಯಲ್ಲಿ ತಾಯಿ ಹನಿಹನಿಯಾಗಿ ನೀರು ಹಾಕುತ್ತಿದ್ದರು, ತುಟಿಗೆ ತಾಗದಂತೆ, ನಾಲಿಗೆಯ ಮಧ್ಯಕ್ಕೆ. ಮಗು ಕೂಸಾಗಿದ್ದಾಗ ಔಷಧಿ ಹಾಕಲು ಬಳಸಿದ್ದ ಒಳಲೆ. ನರ್ಸ್ ಮುಖಗಳ ಹಾಳೆ ಹಿಡಿದು ಕೇಳಿದರು: ಪುಟ್ಟಿ, ಸುಮ್ಮನೆ ಇರುವಾಗ ಎಷ್ಟು ನೋವು? ಹುಡುಗಿ ನಡುವಿನ ಮುಖ ತೋರಿಸಿದಳು. ನುಂಗುವಾಗ? ಬೆರಳು ನೇರ ಕೊನೆಯ ಮುಖಕ್ಕೆ ಹೋಯಿತು, ಅಲ್ಲೇ ಒತ್ತಿ ನಿಂತಿತು. ತಾಯಿ ತಾವು ಉತ್ತರಿಸಿದಾಗ ಎರಡಕ್ಕೂ ನಡುವಿನ ಮುಖವನ್ನೇ ಹೇಳಿದ್ದರು. ಮಗಳು ಅಳದೆ ಮಲಗಿದ್ದಾಳಲ್ಲ, ನೋವು ಕಡಿಮೆಯಾಗಿದೆ ಎಂದುಕೊಂಡಿದ್ದರು. ಆ ಒಂದು ಉತ್ತರದಿಂದ ಚಿಕಿತ್ಸೆಯೇ ಬದಲಾಯಿತು. ನೋವಿನ ಔಷಧಿಯನ್ನು ಗಡಿಯಾರ ನೋಡಿ ಕೊಡುವುದರ ಜೊತೆಗೆ, ಬಾಯಿ ತೊಳೆಯುವ ಮತ್ತು ಗಂಜಿ ಕುಡಿಸುವ ಹೊತ್ತಿಗೆ ಮುಂಚೆ ಒಂದಿಷ್ಟು ಹೆಚ್ಚಾಗಿ ಕೊಡಲು ಡಾಕ್ಟರು ಬರೆದರು.

ಜೀವನದ ಗುಣಮಟ್ಟ ಎಂಬುದು ತೀರಾ ಸಡಿಲವಾದ ಮಾತು ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಅದನ್ನೂ ಅಳೆಯುತ್ತಾರೆ, ಶಿಸ್ತಾಗಿಯೇ ಅಳೆಯುತ್ತಾರೆ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ವಾರ್ನಿ ರೂಪಿಸಿದ ಪೆಡ್ಸ್‌ಕ್ಯೂಎಲ್ ಎಂಬ ಪ್ರಶ್ನಾವಳಿ ಇದಕ್ಕೆ ಹೆಚ್ಚು ಬಳಕೆಯಾಗುತ್ತದೆ. ಅದರ ಮೂಲ ಭಾಗದಲ್ಲಿ 23 ಪ್ರಶ್ನೆಗಳು: ಓಡಾಟ-ಶಕ್ತಿ, ಭಾವನೆ, ಒಡನಾಟ, ಶಾಲೆ ಎಂದು ನಾಲ್ಕು ಗುಂಪು. ಐದು ವರ್ಷ ತುಂಬಿದ ಮಗು ತಾನೇ ಉತ್ತರಿಸಬಲ್ಲದು. ಕ್ಯಾನ್ಸರ್ ಮಕ್ಕಳಿಗೆಂದೇ ಬೇರೊಂದು ಭಾಗವಿದೆ. ನೋವು, ಓಕರಿಕೆ, ಸೂಜಿಯ ಭಯ, ಚಿಂತೆ, ತನ್ನ ರೂಪದ ಬಗ್ಗೆ ತನಗಿರುವ ಭಾವನೆ, ಡಾಕ್ಟರ ಬಳಿ ಮನಸ್ಸಿನಲ್ಲಿದ್ದದ್ದನ್ನು ಹೇಳಲು ಆಗುವುದೇ ಎಂಬ ಪ್ರಶ್ನೆಗಳೆಲ್ಲ ಅದರಲ್ಲಿ ಬರುತ್ತವೆ. ಮಗುವಿನ ಉತ್ತರಕ್ಕೂ ತಂದೆತಾಯಿಯ ಉತ್ತರಕ್ಕೂ ಅಂತರವಿರುತ್ತದೆ ಎಂದು ಇಂಥ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಹೊರಗೆ ಕಾಣುವ ಓಡಾಟದ ವಿಷಯದಲ್ಲಿ ಇಬ್ಬರ ಮಾತೂ ಹೆಚ್ಚು ಹೊಂದುತ್ತದೆ. ಒಳಗಿನ ನೋವು, ಭಯದ ವಿಷಯದಲ್ಲಿ ಕಡಿಮೆ.

ಬಾಯಿಯ ಹುಣ್ಣು ಈ ನಾಲ್ಕು ಗುಂಪುಗಳಲ್ಲಿ ಯಾವುದನ್ನೂ ಬಿಡುವುದಿಲ್ಲ. ತಿನ್ನದ ಮಗುವಿಗೆ ಎದ್ದು ಕೂರುವ ತ್ರಾಣವಿಲ್ಲ. ಮಾತಾಡಲಾಗದ ಮಗು ಒಡನಾಟದಿಂದ ತಾನೇ ಸರಿದುಕೊಳ್ಳುತ್ತದೆ. ಬಾಯಿ ವಾಸನೆ ಬರುತ್ತದೆಂದು ಅದಕ್ಕೂ ಗೊತ್ತು. ತಮ್ಮನೋ ತಂಗಿಯೋ ವಿಡಿಯೋ ಕಾಲಿನಲ್ಲಿ ಕರೆದರೆ ಮುಖ ಆ ಕಡೆ ತಿರುಗಿಸುತ್ತದೆ. ಅಪ್ಪ ಮುತ್ತು ಕೊಡಲು ಬಂದರೆ ಕೈ ಅಡ್ಡ ಹಿಡಿಯುತ್ತದೆ. ಅಳುವುದೂ ಕಷ್ಟ: ಅಳಲು ಬಾಯಿ ತೆರೆಯಬೇಕು, ಉಪ್ಪುಪ್ಪಾದ ಕಣ್ಣೀರು ತುಟಿಯ ಬಿರುಕಿಗೆ ಇಳಿಯುತ್ತದೆ. ನಮ್ಮ ಮನೆಗಳಲ್ಲಿ ಪ್ರೀತಿ ಹರಿಯುವುದೇ ಊಟದ ದಾರಿಯಲ್ಲಿ. ಫೋನ್ ಮಾಡಿದವರು ಮೊದಲು ಕೇಳುವುದು ಊಟ ಆಯ್ತಾ ಎಂದು. ಊಟ ಮಾಡದ ಮಗುವಿನ ತಾಯಿ ತಾನು ತಾಯಿಯ ಕೆಲಸದಲ್ಲಿ ಸೋತೆ ಎಂದುಕೊಳ್ಳುತ್ತಾಳೆ. ಮಗು ತಿನ್ನುವವರೆಗೆ ತಾನೂ ತಿನ್ನುವುದಿಲ್ಲ. ಇಬ್ಬರ ನಡುವೆ ಬಟ್ಟಲು ಇಟ್ಟುಕೊಂಡು ನಡೆಯುವ ಆ ಜಗ್ಗಾಟ ಎಷ್ಟೋ ಸಲ ಹುಣ್ಣಿಗಿಂತ ಹೆಚ್ಚು ದಿನ ಉಳಿಯುತ್ತದೆ. ಬಾಯಿ ವಾಸಿಯಾದ ಮೇಲೂ ಚಮಚ ಕಂಡರೆ ಮಗು ಅಳುತ್ತದೆ.

ದುಡ್ಡಿನ ಲೆಕ್ಕವೂ ಇದೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಮಕ್ಕಳನ್ನು ಕರೆತರುವ ಕುಟುಂಬಗಳು ಉತ್ತರ ಕರ್ನಾಟಕದ ದೂರದ ಜಿಲ್ಲೆಗಳಿಂದಲೂ ನೆರೆಯ ಆಂಧ್ರದಿಂದಲೂ ಬರುತ್ತವೆ. ಸರ್ಕಾರಿ ಯೋಜನೆಯಲ್ಲಿ ಚಿಕಿತ್ಸೆಯ ವೆಚ್ಚ ಸಿಕ್ಕರೂ ಬಸ್ ಚಾರ್ಜು, ಹೊರಗಿನ ಊಟ, ಅಪ್ಪನ ತಪ್ಪಿದ ಕೂಲಿ ಯಾವ ಯೋಜನೆಯಲ್ಲೂ ಪೂರ್ತಿ ಬರುವುದಿಲ್ಲ. ಹುಣ್ಣು ಜೋರಾದರೆ ಮತ್ತೆ ಅಡ್ಮಿಟ್, ಮತ್ತೊಂದು ವಾರ. ಇನ್ನೂ ಮುಖ್ಯವಾದದ್ದು: ಬಾಯಿ ವಾಸಿಯಾಗದೆ ಮುಂದಿನ ಕೀಮೋ ಕೊಡುವಂತಿಲ್ಲ. ದಿನ ಮುಂದೆ ಹೋಗುತ್ತದೆ, ಇಲ್ಲವೇ ಪ್ರಮಾಣ ತಗ್ಗಿಸಬೇಕಾಗುತ್ತದೆ. ನಿಗದಿಯಾದ ಔಷಧಿ ನಿಗದಿಯಾದ ಹೊತ್ತಿಗೆ ಒಳಗೆ ಹೋಗುವುದರ ಮೇಲೆಯೇ ಗುಣವಾಗುವ ಭರವಸೆ ನಿಂತಿರುವಾಗ, ಬಾಯಿಯ ಹುಣ್ಣನ್ನು ಪಕ್ಕದ ವಿಷಯ ಎನ್ನಲಾಗದು. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಮೆಥೊಟ್ರೆಕ್ಸೇಟ್ ವಿಶೇಷವಾಗಿ ಕಠಿಣ. ಅವರ ಬಾಯಿಗೆ ಬೀಳುವ ಪೆಟ್ಟು ಉಳಿದವರಿಗಿಂತ ದೊಡ್ಡದು, ನೋವನ್ನು ಹೇಳಿಕೊಳ್ಳುವ ದಾರಿ ಅವರಿಗೆ ಇನ್ನಷ್ಟು ಕಿರಿದು.

ತಡೆಯುವ ಉಪಾಯಗಳಲ್ಲಿ ಕೆಲವು ಬಹಳ ಜಾಣತನದವು. ಮಂಜುಗಡ್ಡೆಯದನ್ನೇ ನೋಡಿ. ಔಷಧಿ ಕೊಡುವ ಐದು ನಿಮಿಷ ಮೊದಲಿನಿಂದ ಸುಮಾರು ಅರ್ಧ ಗಂಟೆ ಮಂಜಿನ ಚೂರು ಬಾಯಲ್ಲಿಟ್ಟುಕೊಂಡರೆ ಅಲ್ಲಿನ ರಕ್ತನಾಳಗಳು ಮುದುಡುತ್ತವೆ, ಬಾಯಿಗೆ ಹರಿಯುವ ರಕ್ತ ಕಡಿಮೆಯಾಗುತ್ತದೆ, ಅದರೊಂದಿಗೆ ಬರುವ ವಿಷವೂ ಕಡಿಮೆ. ಮೆಲ್ಫಲಾನ್‌ನಂಥ, ಬೇಗ ಕೊಟ್ಟು ಮುಗಿಯುವ ಮತ್ತು ರಕ್ತದಿಂದ ಬೇಗ ಮರೆಯಾಗುವ ಔಷಧಿಗೆ ಇದು ಚೆನ್ನಾಗಿ ಹೊಂದುತ್ತದೆ; ಮಂಜನ್ನು ಬಾಯಲ್ಲಿಟ್ಟುಕೊಂಡು ಕೂರಬಲ್ಲ ದೊಡ್ಡ ಮಕ್ಕಳಿಗೆ ಈ ಸಂದರ್ಭದಲ್ಲಿ ಸಲಹೆ ಕೊಡುತ್ತಾರೆ. 24 ಗಂಟೆ ಇಳಿಯುವ ಹಳದಿ ಔಷಧಿಗೆ ಮಾತ್ರ ಇದು ನಡೆಯದು. ಯಾವ ಮಗು ಹಗಲೂ ರಾತ್ರಿ ಮಂಜು ಚೀಪೀತು? ಕೆಂಪು ಬೆಳಕಿನದು ಇನ್ನೊಂದು ಕಥೆ. 1960ರ ದಶಕದಲ್ಲಿ ಬುಡಾಪೆಸ್ಟಿನ ಎಂದ್ರೆ ಮೆಸ್ಟರ್ ಬೋಳಿಸಿದ ಇಲಿಗಳ ಮೇಲೆ ಕಡಿಮೆ ಶಕ್ತಿಯ ಲೇಸರ್ ಬಿಟ್ಟಾಗ ಕೂದಲು ಬೇಗ ಬೆಳೆದದ್ದನ್ನು ಕಂಡರು, ಆಮೇಲೆ ಗಾಯಗಳ ಮೇಲೂ ಪ್ರಯೋಗಿಸಿದರು. ಸುಮಾರು 630ರಿಂದ 660 ನ್ಯಾನೋಮೀಟರ್ ತರಂಗದ ಬೆಳಕು ಕೋಶದ ಮೈಟೊಕಾಂಡ್ರಿಯಾವನ್ನು ಚುರುಕುಗೊಳಿಸಿ ಉರಿಯೂತವನ್ನು ತಗ್ಗಿಸುತ್ತದೆ ಎಂಬುದು ಇಂದಿನ ತಿಳಿವಳಿಕೆ. ಅಸ್ಥಿಮಜ್ಜೆ ಕಸಿ ಮಾಡಿಸಿಕೊಳ್ಳುವ ಮಕ್ಕಳಿಗೆ ಹುಣ್ಣು ಬಾರದಂತೆ ತಡೆಯಲು 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ ಇದನ್ನು ಶಿಫಾರಸು ಮಾಡಿದೆ. ಕಪ್ಪು ಕನ್ನಡಕ ಹಾಕಿಕೊಂಡು ಬಾಯಿ ತೆರೆದು ಕೂರುವ ತಾಳ್ಮೆ ಮಗುವಿಗೆ ಇರಬೇಕು, ಯಂತ್ರ ಇರಬೇಕು, ಕಲಿತ ಕೈ ಇರಬೇಕು. ಒಳಪದರವನ್ನು ಬೆಳೆಸುವ ಪ್ಯಾಲಿಫರ್ಮಿನ್ ಎಂಬ ಪ್ರೊಟೀನಿನ ಮೇಲೆ 2004ರ ಹೊತ್ತಿಗೆ ಬಹಳ ಆಸೆ ಇತ್ತು. ಮಕ್ಕಳಲ್ಲಿ ಅದನ್ನು ಎಲ್ಲರಿಗೂ ಬಳಸಬೇಡಿ ಎಂದೇ ಮಾರ್ಗಸೂಚಿ ಹೇಳುತ್ತದೆ.

ನಮ್ಮ ವಾರ್ಡುಗಳಲ್ಲಿ ಇವತ್ತೇ ಮಾಡಬಹುದಾದದ್ದು ಇದಕ್ಕಿಂತ ಸರಳ. ಮೆತ್ತನೆಯ ಬ್ರಷ್. ಬ್ರಷ್ ತಡೆಯದಿದ್ದರೆ ಶುದ್ಧವಾದ ಗಾಜ್ ಬಟ್ಟೆಯನ್ನು ಒದ್ದೆ ಮಾಡಿ ಬೆರಳಿಗೆ ಸುತ್ತಿ ಒರೆಸುವುದು. ಕುದಿಸಿ ಆರಿಸಿದ ನೀರಿಗೆ ಉಪ್ಪು, ಅಡುಗೆ ಸೋಡಾ ಬೆರೆಸಿ ದಿನಕ್ಕೆ ನಾಲ್ಕಾರು ಸಲ ಮುಕ್ಕಳಿಸುವುದು. ತುಟಿಗೆ ವ್ಯಾಸಲೀನ್. ಕೀಮೋ ಶುರುವಾಗುವ ಮೊದಲೇ ದಂತವೈದ್ಯರು ಒಮ್ಮೆ ನೋಡಿ ಹುಳುಕು ಹಲ್ಲು, ಚೂಪು ಹಲ್ಲು ಸರಿಮಾಡುವುದು. ಅಂಗಡಿಯಲ್ಲಿ ಸಿಗುವ ಖಾರ ಮೌತ್‌ವಾಶ್ ಬೇಡವೇ ಬೇಡ. ಆಲ್ಕೋಹಾಲ್ ಇದ್ದರೆ ಅದು ಬೆಂಕಿಗೆ ಎಣ್ಣೆ. ಕ್ಲೋರ್‌ಹೆಕ್ಸಿಡಿನ್ ಈ ಹುಣ್ಣನ್ನು ತಡೆಯುವುದಿಲ್ಲ. ನಮ್ಮ ಕಡೆ ಹಳೆಯ ಕಾಲದಿಂದ ಹಚ್ಚುವ ಬೋರಾಕ್ಸ್-ಗ್ಲಿಸರಿನ್ ಬಗ್ಗೆ ಖಡಾಖಂಡಿತ ಹೇಳಬೇಕು: ಬೋರಾಕ್ಸ್ ಹೊಟ್ಟೆಗೆ ಹೋದರೆ ಮಕ್ಕಳಿಗೆ ವಿಷ, ಅದನ್ನು ಬಾಯಿಗೆ ಹಚ್ಚಬಾರದು. ಜೇನು, ತುಪ್ಪ, ಕೊಬ್ಬರಿ ಎಣ್ಣೆ ಕೇಳಿಕೊಂಡು ಬರುವ ಅಜ್ಜಿಯರನ್ನು ಗದರುವುದು ಬೇಡ. ಆದರೆ ಕೌಂಟ್ಸ್ ಬಿದ್ದಿರುವಾಗ ಬಾಯಿಗೆ ಏನು ಹಚ್ಚುವುದಿದ್ದರೂ ಡಾಕ್ಟರನ್ನು ಕೇಳಿಯೇ ಹಚ್ಚಬೇಕು, ಒಂದು ವರ್ಷದೊಳಗಿನ ಕೂಸಿಗೆ ಜೇನು ಕೂಡದು. ಹುಣ್ಣು ಅಂಗುಳದ ಗಟ್ಟಿ ಭಾಗದಲ್ಲಿ, ಒಸಡಿನಲ್ಲಿ ಎದ್ದರೆ ಅದು ಕೀಮೋದ ಹುಣ್ಣಲ್ಲದೆ ಹರ್ಪಿಸ್ ವೈರಸ್ಸಿನದೂ ಆಗಿರಬಹುದು. ಕೆರೆದರೆ ಬಿಡುವ ಬಿಳಿ ಮಚ್ಚೆ ಶಿಲೀಂಧ್ರದ್ದಾಗಿರಬಹುದು. ಎರಡಕ್ಕೂ ಬೇರೆಯೇ ಔಷಧಿ ಇದೆ, ಹಾಗಾಗಿ ದಿನವೂ ಬಾಯಿ ನೋಡಬೇಕು. ಊಟಕ್ಕೆ ಆರಿದ, ಸೋಸಿದ ರಾಗಿ ಗಂಜಿ, ತಿಳಿಯಾದ ಬೇಳೆಕಟ್ಟು. ಇಳಿಯದಿದ್ದರೆ ಮೂಗಿನ ನಳಿಗೆ. ನಳಿಗೆ ಎಂದರೆ ಎಲ್ಲ ಮುಗಿಯಿತೆಂದು ಹೆದರುವ ತಾಯಂದಿರಿಗೆ ಅದು ಬಟ್ಟಲಿನ ಜಗ್ಗಾಟದಿಂದ ಕೆಲವು ದಿನದ ಬಿಡುಗಡೆ ಎಂದು ಯಾರಾದರೂ ಕೂತು ಹೇಳಬೇಕು.

ಇನ್ನು ಮಾರ್ಫಿನ್. ಈ ಮಾತು ಬಂದರೆ ನಮ್ಮಲ್ಲಿ ಮನೆಯವರೂ ಕೆಲವೊಮ್ಮೆ ಡಾಕ್ಟರೂ ಹಿಂಜರಿಯುತ್ತಾರೆ. ಪದರವೇ ಕಳಚಿದ ಬಾಯಿಯ ನೋವು ಪ್ಯಾರಾಸಿಟಮಾಲಿಗೆ ಬಗ್ಗುವುದಿಲ್ಲ. ಆ ಔಷಧಿ ಜ್ವರವನ್ನು ಮುಚ್ಚಿಡುವುದರಿಂದ ಕೊಡುವ ಮುನ್ನ ಟೆಂಪರೇಚರ್ ನೋಡಲೇಬೇಕು. ಪ್ಲೇಟ್ಲೆಟ್ ಕಡಿಮೆಯಿರುವಾಗ ಐಬುಪ್ರೊಫೆನ್ ರಕ್ತಸ್ರಾವ ತರಬಹುದು. ಮಕ್ಕಳ ನೋವಿಗೆ 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಸೂತ್ರದಲ್ಲಿ ಎರಡೇ ಮೆಟ್ಟಿಲು: ಸಾಧಾರಣ ನೋವಿಗೆ ಪ್ಯಾರಾಸಿಟಮಾಲಿನಂಥವು, ಅದಕ್ಕೂ ಮೀರಿದರೆ ಮಾರ್ಫಿನ್. ನಡುವೆ ಇದ್ದ ಕೋಡೀನ್ ಮೆಟ್ಟಿಲನ್ನು ತೆಗೆದುಹಾಕಿದರು. ಭಾರತದಲ್ಲಿ 1985ರ ಮಾದಕ ವಸ್ತು ಕಾಯಿದೆಯ ಬಿಗಿಯಿಂದ ಆಸ್ಪತ್ರೆಗಳಿಗೆ ಮಾರ್ಫಿನ್ ತರಿಸುವುದೇ ಬೇಡದ ತಲೆನೋವಾಗಿತ್ತು. 2014ರ ತಿದ್ದುಪಡಿ ಆ ದಾರಿಯನ್ನು ಸಡಿಲಿಸಿತು. ಕಾನೂನು ಸಡಿಲಾದರೂ ಮನಸ್ಸಿನ ಭಯ ಸಡಿಲವಾಗಿಲ್ಲ. ಚಟ ಹತ್ತೀತೇ ಎಂದು ಅಪ್ಪ ಕೇಳುತ್ತಾನೆ. ತೀವ್ರ ನೋವಿಗೆ, ಕೆಲವು ದಿನದ ಮಟ್ಟಿಗೆ, ಅಳೆದು ಕೊಟ್ಟು ನೋವಿಳಿದಂತೆ ಇಳಿಸುವ ಮಾರ್ಫಿನ್ ಮಗುವನ್ನು ಚಟಕ್ಕೆ ತಳ್ಳುವುದಿಲ್ಲ. ಆರೇಳು ವರ್ಷ ದಾಟಿದ ಮಗು ಬೇಕೆಂದಾಗ ತಾನೇ ಗುಂಡಿ ಒತ್ತಿ ಮಿತವಾದ ಮಾರ್ಫಿನ್ ಪಡೆಯುವ ಪಂಪುಗಳಿವೆ. ಮಿತಿಯನ್ನು ಡಾಕ್ಟರು ಮೊದಲೇ ನಿಗದಿ ಮಾಡಿರುತ್ತಾರೆ. ಕ್ಯಾನ್ಸರ್ ಬಂದ ದಿನದಿಂದ ತನ್ನ ಮೈಮೇಲೆ ತನಗೆ ಯಾವ ಅಧಿಕಾರವೂ ಇಲ್ಲದೆ ಬದುಕಿದ ಮಗುವಿನ ಕೈಗೆ ಆ ಗುಂಡಿ ಕೊಡುವುದು ನೋವಿನ ಚಿಕಿತ್ಸೆಗಿಂತ ಹೆಚ್ಚಿನದು ಎಂದು ನನ್ನ ನಂಬಿಕೆ. ಹುಣ್ಣು ಬಂದ ಮಗುವಿಗೆ ಮಾರ್ಫಿನ್ ಇಲ್ಲ ಎನ್ನುವ ವಾರ್ಡು ಕೀಮೋ ಕೊಡಲು ಅರ್ಧವಷ್ಟೇ ಸಜ್ಜಾಗಿದೆ.

ಕೌಂಟ್ಸ್ ಏರತೊಡಗಿದಂತೆ ಹುಣ್ಣುಗಳೂ ಮುಚ್ಚಿಕೊಳ್ಳುತ್ತವೆ. ಕೆಳಗಿನ ಅಂಗಾಂಶದಿಂದ ಬರುವ ಸಂದೇಶಕ್ಕೆ ಅಂಚಿನ ಕೋಶಗಳು ಒಡೆದು, ಸರಿದು, ತೆರವಾದ ಜಾಗವನ್ನು ತುಂಬುತ್ತವೆ. ಸಾಮಾನ್ಯವಾಗಿ ಕಲೆಯೂ ಉಳಿಯುವುದಿಲ್ಲ. ಬಾಯಿ ನೋಡಲು ಮೊದಲಿನಂತೆಯೇ ಕಂಡರೂ ಒಳಗಿನ ಅಂಗಾಂಶ ಪೂರ್ತಿ ಮೊದಲಿನಂತಾಗಿರುವುದಿಲ್ಲ ಎಂದು ಸೋನಿಸ್ ಅವರ ಚಿತ್ರ ಎಚ್ಚರಿಸುತ್ತದೆ. ಮುಂದಿನ ಕೀಮೋದ ಪೆಟ್ಟಿಗೆ ಅದು ಇನ್ನಷ್ಟು ಸುಲಭವಾಗಿ ಈಡಾಗಬಹುದು. ಆ ಏಳು ವರ್ಷದ ಹುಡುಗಿಗೆ ಮುಂದಿನ ಸುತ್ತು ಎರಡು ವಾರದ ಬದಲು ಮೂರು ವಾರಕ್ಕೆ ಬಂತು. ಅವಳ ಫೈಲಿನ ಮೇಲ್ಗಡೆ ನರ್ಸ್ ಎರಡು ಸಾಲು ಬರೆದಿಟ್ಟಿದ್ದರು: ಕಳೆದ ಸಲ ಐದನೆಯ ದಿನ ಖಾರ ಎಂದಳು, ಎಂಟನೆಯ ದಿನ ಮಾರ್ಫಿನ್ ಕೊಟ್ಟೆವು, ಈ ಸಲ ಖಾರ ಎಂದ ದಿನವೇ ಕರೆಯಿರಿ. ಹೊಸ ಔಷಧಿಗಳ ಪರೀಕ್ಷೆಗಳಿಗೆಂದು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಈಗ ಏಳರಿಂದ ಹದಿನೇಳು ವರ್ಷದ ಮಕ್ಕಳೇ ತಮ್ಮ ತೊಂದರೆಗಳನ್ನು ತಾವೇ ಗುರುತು ಹಾಕುವ ಪಟ್ಟಿಯೊಂದನ್ನು ಸಿದ್ಧಪಡಿಸಿದೆ. ನಮ್ಮ ವಾರ್ಡುಗಳಲ್ಲಿ ಅಂಥ ಪಟ್ಟಿ ಕನ್ನಡದಲ್ಲಿ ಬೆಡ್ಡಿನ ಕಾಲಿಗೆ ತೂಗುವ ಚಾರ್ಟಿನ ಮೇಲೆ, ಜ್ವರ, ನಾಡಿ, ಬಿ.ಪಿ. ಬರೆಯುವ ಗೆರೆಯ ಪಕ್ಕದಲ್ಲೇ ಬರಬೇಕು. ಅದಕ್ಕೆ ಬೇಕಾದದ್ದು ಮುಖಗಳ ಒಂದು ಹಾಳೆ ಮತ್ತು ದಿನಕ್ಕೆರಡು ಸಲ ಮಗುವಿನ ಪಕ್ಕ ಕೂರುವ ಐದು ನಿಮಿಷ.